ಮೆಟ್ರೋ ಇಳಿದು ಲಾಲ್‌ಬಾಗ್‌ಗೆ

ಮೊನ್ನೆ ಶನಿವಾರ, ಹನ್ನೆರಡು ವರ್ಷ ಆದ ಮೇಲೆ, ಲಾಲ್‌ಬಾಗ್‌ನಲ್ಲಿ ಒಂದು ಪೂರ್ತಿ ಸುತ್ತು ಹಾಕಿದೆ. ಮಧ್ಯೆ ಎರಡು ಸಲ ಫ್ಲವರ್ ಶೋಗೆ ಹೋಗಿದ್ದೆ ಬಿಡಿ. ಅದು ಲೆಕ್ಕಕ್ಕಿಲ್ಲ. ಅಲ್ಲಿ ಮುಂದಿನವರ ಬೆನ್ನು ನೋಡಿಕೊಂಡು ಬರುವುದಷ್ಟೇ.

ಜಯನಗರ ಒಂದನೇ ಬ್ಲಾಕಿನಲ್ಲಿದ್ದಾಗ ದಿನಾ ಹೋಗುತ್ತಿದ್ದೆ. ಸಿದ್ದಾಪುರ ಗೇಟಿನಿಂದ ಒಳಗೆ, ಕೆರೆ ಬಳಸಿ, ಗಾಜಿನ ಮನೆ ದಾಟಿ, ಬಂಡೆ ಹತ್ತಿ, ವಾಪಸ್. ಯಲಚೇನಹಳ್ಳಿಗೆ ಮನೆ ಬದಲಾಯಿಸಿದ ಮೇಲೆ ಅದೂ ತಪ್ಪಿತು. ಈಗ ಮಂಡಿನೋವು. ನಡೀರಿ ಅಂದರು ಡಾಕ್ಟರು. ನಮ್ಮ ಬಡಾವಣೆಯ ಪಾರ್ಕಿನ ಸುತ್ತು ನಾಲ್ಕು ನಿಮಿಷಕ್ಕೆ ಮುಗಿಯುತ್ತೆ. ಗಾಣದ ಎತ್ತಿನ ಥರ ಸುತ್ತಿ ಸುತ್ತಿ ಬೇಜಾರಾಗಿ ಮೆಟ್ರೋ ಹತ್ತಿದೆ. ಆರನೇ ಸ್ಟೇಷನ್ನೇ ಲಾಲ್‌ಬಾಗ್.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. 2009ರಲ್ಲಿ ಇದೇ ಮೆಟ್ರೋಗೆ ಅಂತ ಆರ್.ವಿ. ರಸ್ತೆ ಕಡೆಯ ಕಾಂಪೌಂಡ್ ಒಡೆದು ಮರ ಕಡಿದಾಗ ರಟ್ಟಿನ ಬೋರ್ಡು ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಬೋರ್ಡಿನಲ್ಲಿ ಏನು ಬರೆದಿತ್ತೋ ಮರೆತಿದೆ. ಗಂಟಲು ಕಟ್ಟಿದ್ದು ನೆನಪಿದೆ. 2017ರ ಜೂನ್‌ನಲ್ಲಿ ರೈಲು ಶುರುವಾಯಿತು. ಮೊನ್ನೆ ಅದರಿಂದಲೇ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಮರಗಳ ನೆತ್ತಿ ಕಣ್ಣಿನ ಮಟ್ಟಕ್ಕಿತ್ತು. ಕೊಂಬೆ ಮೇಲೆ ಮೂರು ಗಿಳಿ. ಕೆಳಗೆ ನಡೆಯುವಾಗ ಅವುಗಳ ಕಿರುಚಾಟ ಮಾತ್ರ ಕೇಳಿದ್ದವನು ನಾನು. ಗಿಳಿಯ ಬೆನ್ನನ್ನು ಮೇಲಿಂದ ನೋಡಿದ್ದು ಇದೇ ಮೊದಲು. ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಗೇಟಿನ ಹೊರಗೆ ಹಾಗಲಕಾಯಿ, ಬಾಳೆದಿಂಡು, ಗರಿಕೆ ಜ್ಯೂಸಿನವರು ಇದ್ದಾರೆ. ಒಳಗೆ ವಾಕಿಂಗ್‌ನವರ ಕಿವಿಯಲ್ಲೆಲ್ಲ ಇಯರ್‌ಫೋನು. ಮೊದಲು ಹಿಂದೆ ನಡೆಯುವವರ ಮನೆ ಸಮಾಚಾರವೆಲ್ಲ ಕಿವಿಗೆ ಬೀಳುತ್ತಿತ್ತು. ಈಗ ಅರ್ಧ ಸಂಭಾಷಣೆ ಮಾತ್ರ ಸಿಗುತ್ತೆ. ಸೊಸೆ ಏನು ಉತ್ತರ ಕೊಟ್ಟಳು ಅಂತ ಗೊತ್ತಾಗುವುದೇ ಇಲ್ಲ!

ದೊಡ್ಡ ಬೂರುಗದ ಮರಕ್ಕೆ ಬೇಲಿ ಹಾಕಿದ್ದಾರೆ. ಗೋಡೆಯ ಹಾಗೆ ಎದ್ದು ನಿಂತ ಅದರ ಬೇರುಗಳ ಸಂದಿಯಲ್ಲಿ ನಾವು ಬೆನ್ನು ಕೊಟ್ಟು ಕೂರುತ್ತಿದ್ದೆವು. ಈಗ ದೂರದಿಂದಲೇ ನಮಸ್ಕಾರ. ಬೇಲಿ ಹಾಕಿದ್ದು ಒಳ್ಳೆಯದೇ ಆಯಿತು. ಯಾರೋ ಯಾವತ್ತೋ ಚಾಕುವಿನಲ್ಲಿ ಕೆತ್ತಿದ ಇಬ್ಬರ ಹೆಸರು ತೊಗಟೆ ಜೊತೆ ಬೆಳೆದು ಊದಿಕೊಂಡಿದೆ. ಅವರಿಬ್ಬರೂ ಎಲ್ಲಿದ್ದಾರೋ, ಜೊತೆಗಿದ್ದಾರೋ ಇಲ್ಲವೋ, ಗಾಯ ಮಾತ್ರ ಮರದ್ದು.

ಬಂಡೆ ಹತ್ತುವಾಗ ಮಂಡಿ ಎರಡು ಸಲ ಕಟಕ್ ಅಂದಿತು. ಮೇಲೆ ಕೆಂಪೇಗೌಡರ ಗೋಪುರದ ನೆರಳಿನಲ್ಲಿ ನಮ್ಮ ಹಳೆಯ ಮೇಷ್ಟ್ರು ಕೂತಿದ್ದರು. 2009ರಲ್ಲಿ ನನ್ನ ಪಕ್ಕವೇ ನಿಂತಿದ್ದವರು. ಗುರುತು ಹಿಡಿದು, "ಏನಪ್ಪಾ, ಹೇಗೆ ಬಂದೆ?" ಅಂದರು. ಮೆಟ್ರೋದಲ್ಲಿ ಅಂದೆ. ಬಿದ್ದು ಬಿದ್ದು ನಕ್ಕರು.

ಆ ನಗು ಮನೆಗೆ ಬಂದರೂ ಬಿಡಲಿಲ್ಲ. ಯಾಕೆಂದರೆ ಈಗ ಇದೇ ನಗುವನ್ನು ವಾದ ಮಾಡಿಕೊಂಡವರು ಜಾಸ್ತಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ, ಅದಕ್ಕೆ ಲಾಲ್‌ಬಾಗ್‌ನಲ್ಲಿ ಒಂದು ರ‍್ಯಾಂಪ್ ಅನ್ನುವ ಯೋಜನೆ ಬಂದು, 2025ರಲ್ಲಿ ವಾಕಿಂಗ್‌ನವರು ಇಲ್ಲೇ ಸೇರಿ ಪ್ರತಿಭಟಿಸಿದರು. "ಮೆಟ್ರೋಗೂ ಹೀಗೇ ಕೂಗಿದ್ರಿ, ಈಗ ಅದರಲ್ಲೇ ಓಡಾಡ್ತಿಲ್ವಾ?" ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದ್ದರು. ಆಗ ಉತ್ತರ ಹೊಳೆದಿರಲಿಲ್ಲ. ಈಗ ಹೇಳುತ್ತೇನೆ, ಕೇಳಿ ಸ್ವಾಮಿ. ಮೆಟ್ರೋ ನನ್ನನ್ನು ಗೇಟಿನ ಮುಂದೆ ಇಳಿಸಿ ಹೋಯಿತು. ಸುರಂಗದಿಂದ ಮೇಲೆ ಬರುವ ಕಾರಿಗೆ ಲಾಲ್‌ಬಾಗ್‌ನಲ್ಲಿ ಏನು ಕೆಲಸ? ಅದಕ್ಕೆ ದಾರಿ ಬೇಕು, ಅಷ್ಟೇ. ಒಂದು ಸಲ ಮರ ಕಳಕೊಂಡು ಸುಮ್ಮನಾದೆವು ಅಂತ ಪ್ರತಿ ಸಲವೂ ಸುಮ್ಮನಿರಬೇಕಾ? ಮೆಟ್ರೋ ಹತ್ತಿದ್ದಕ್ಕೆ ನನ್ನ ಬಾಯಿ ಕಟ್ಟಬೇಕಾ?

ನಾವು ಕೂತಿದ್ದ ಬಂಡೆಗೆ 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳ ಲೆಕ್ಕ. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿದ್ದು ಅದರ ಮುಂದೆ ಮೊನ್ನೆ ಮೊನ್ನೆಯ ಮಾತು. ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು, ಕಲಸಿದ ಹಿಟ್ಟನ್ನು ಮಡಚಿ ಮಡಚಿ ಎಳೆದ ಹಾಗೆ. ಒಂದು ಗುಳಿಯಲ್ಲಿ ರಾತ್ರಿಯ ಮಳೆನೀರು ಅಂಗೈಯಷ್ಟು ನಿಂತಿತ್ತು. ಅದರಲ್ಲಿ ಒಂದು ಗುಬ್ಬಿಯಷ್ಟೇ ಗಾತ್ರದ ಹಕ್ಕಿ ಸ್ನಾನ ಮಾಡಿಕೊಂಡು ಹೋಯಿತು. ಹೆಸರು ಕೇಳಿದೆ. ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಹೊರಡುವಾಗ, "ನಾಳೆ ಬರ್ತೀಯಾ?" ಅಂದರು.

"ಬರ್ತೀನಿ ಮೇಷ್ಟ್ರೇ."

"ಟ್ರೈನಲ್ಲೇ ತಾನೇ?" ಮತ್ತೆ ಅದೇ ನಗು. ಸರಿ, ಬಾಳೆದಿಂಡಿನ ಜ್ಯೂಸು ನೀವೇ ಕೊಡಿಸಿ ಅಂತ ಹೇಳಿ ಇಳಿದು ಬಂದೆ.