ಕಂದು ಬೆಲ್ಲಕ್ಕೆ ಒಂದೇ ಸ್ಟಾರ್!

ಆನ್‌ಲೈನ್ ರಿವ್ಯೂಗಳ ಸ್ಟಾರ್ ನಂಬಿ ಸಾಮಾನು ಕೊಳ್ಳಬೇಡಿ ಅಂತ ಬರೆದಿದ್ದೀರಿ, ಸರಿಯಾಗಿದೆ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಮನೆ ಹಿಂದೆಯೇ ಆಲೆಮನೆ. ಮೊನ್ನೆ ಸುಮ್ನೆ ಆನ್‌ಲೈನ್‌ನಲ್ಲಿ ಬೆಲ್ಲದ ರಿವ್ಯೂ ಓದುತ್ತಿದ್ದೆ. ಕಂದು ಅಚ್ಚು ಬೆಲ್ಲಕ್ಕೆ ‘ಕಪ್ಪಗಿದೆ, ಕೊಳಕು’ ಅಂತ ಒಂದು ಸ್ಟಾರ್. ಹಳದಿಯದಕ್ಕೆ ‘ಎಷ್ಟು ಕ್ಲೀನ್!’ ಅಂತ ಐದು. ಅಲ್ಲಾ ಸ್ವಾಮಿ, ಕಬ್ಬಿನ ಹಾಲಿನ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ, ಚೂರು ಸುಣ್ಣ ಹಾಕಿ, ಮೇಲೆ ಬಂದ ಮಡ್ಡಿ ತೆಗೆದು ಕಾಯಿಸಿದರೆ ಬರುವುದೇ ಆ ಕಂದು. ಥಳಥಳ ಹಳದಿಗೆ ಜಾಸ್ತಿ ಕಡೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬಿದ್ದಿರುತ್ತದೆ. ಅದರಿಂದ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ದಾಟಬಾರದು ಅಂತ ನಿಯಮವೇ ಇದೆ. ಕಣ್ಣಿಗೆ ಅದು ಕಾಣುತ್ತದಾ? ಆ ಹಳದಿಯೂ ನಿಲ್ಲುವುದಿಲ್ಲ, ಡಬ್ಬದಲ್ಲಿ ಇಟ್ಟು ದಿನ ಕಳೆದ ಹಾಗೆ ಕಪ್ಪಾಗುತ್ತದೆ. ಆದರೆ ರಿವ್ಯೂ ಬರೆಯುವುದು ಪಾರ್ಸೆಲ್ ಬಂದ ದಿನವೇ, ಅಲ್ವಾ?