ಪೆನಾಂಗ್‌ಗೆ ಡಿಸೆಂಬರೇ ಯಾಕೆ?

ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದೇ ಸರಿ ಎಂದು ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ಮಳೆ ಕಡಿಮೆ, ಒಪ್ಪಿದೆ. ಆದರೆ ತಿನ್ನುವುದಕ್ಕೇ ಹೋಗುವವರು ಜೂನ್ ತಿಂಗಳನ್ನೂ ನೋಡಬಹುದು, ಅಲ್ವಾ? ಆಗ ದ್ವೀಪದ ಬಾಲಿಕ್ ಪುಲಾವ್ ಊರಿನ ಕಡೆ ಡುರಿಯನ್ ಹಣ್ಣಿನ ಸುಗ್ಗಿ. ಹೊರಗೆ ಹಲಸಿಗಿಂತ ಚೂಪು ಮುಳ್ಳು, ಒಳಗೆ ಬೆಣ್ಣೆಯಂಥ ತೊಳೆ. ವಾಸನೆ ಮಾತ್ರ ದೇವರಿಗೇ ಪ್ರೀತಿ! ಹೋಟೆಲ್ ರೂಮಿಗೆ ತರಲು ಬಹಳ ಕಡೆ ಬಿಡುವುದಿಲ್ಲ, ಅಲ್ಲೇ ತಿಂದು ಕೈ ತೊಳೆದುಕೊಳ್ಳಿ.

ಇನ್ನೊಂದು ಮಾತು. ನಾವು ಹೋಗಿದ್ದು ನೀವು ಹೇಳಿದ ತಿಂಗಳುಗಳಲ್ಲೇ ಬರುವ ಚೀನೀ ಹೊಸ ವರ್ಷದ ಮೊದಲ ದಿನ. ದ್ವೀಪದ ಮುಖ್ಯ ಪಟ್ಟಣ ಜಾರ್ಜ್ ಟೌನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಗಡಿ ಬಂದ್. ಶಾಪಿಂಗ್ ಪಟ್ಟಿ ಜೇಬಲ್ಲೇ ಉಳಿಯಿತು, ಹೊಟ್ಟೆಗೆ ಲಿಟಲ್ ಇಂಡಿಯಾದ ದೋಸೆಯೇ ಗತಿ. ಆದರೆ ರಾತ್ರಿ ಕೆಕ್ ಲೋಕ್ ಸಿ ಎಂಬ ಬೌದ್ಧ ದೇವಸ್ಥಾನದ ದೀಪ ನೋಡಿ ಸಿಟ್ಟೆಲ್ಲ ಇಳಿಯಿತು.