ಎರಡು ಪೀಪಾಯಿ, ಮರದ ದಾಸ್ತಾನು

ಚುನಾವಣೆ ಬಂತೆಂದರೆ ಕೊಡಗಿನಲ್ಲಿ ಕೋವಿಯನ್ನು ಠಾಣೆಗೆ ಕೊಡಬೇಕೋ ಬೇಡವೋ ಎಂಬ ಚರ್ಚೆ ಶುರು. ಆ ಸಲ ಕೊಡಬೇಕಾಗಿ ಬಂತು. ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಿದ್ದ ಜೋಡಿ ನಳಿಗೆ ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪಕ್ಕದ ತೋಟದ ಅಜ್ಜ ಹೊರಟರು. ಜೊತೆಗೆ ನಾನು.

1861ರಿಂದ ಇಲ್ಲಿನ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನವರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು ಇನ್ನೂ 10 ವರ್ಷ ಮುಂದುವರಿಸಿತು. ಆದರೆ ಫಾರಂನಿಂದ ವಿನಾಯಿತಿ ಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲ ಅಲ್ವಾ?

ಫಾರಂ ಪೂರ್ತಿ ಕನ್ನಡದಲ್ಲಿತ್ತು. ಖುಷಿಯಾಯಿತು. ಕನ್ನಡ ಮಾಡಿದ್ದು ಕಂಪ್ಯೂಟರ್ ಅಂತ ಮೊದಲ ಸಾಲಿನಲ್ಲೇ ಗೊತ್ತಾಯಿತು.

"ಪೀಪಾಯಿ ಎಷ್ಟು?" ಬ್ಯಾರೆಲ್, ಅಂದರೆ ನಳಿಗೆ ಅಂತ ನಾನು ಊಹಿಸಿದೆ. ಎರಡು ಅಂತ ಬರೆದೆವು. "ದಾಸ್ತಾನು ಯಾವುದರದ್ದು?" ಸ್ಟಾಕ್, ಅಂದರೆ ಹೆಗಲಿಗೆ ಆನಿಸುವ ಹಿಂಭಾಗ, ಮರದ್ದು. ಗುಮಾಸ್ತರು ಕನ್ನಡಕ ಏರಿಸಿದರು. "ಮರದ ದಾಸ್ತಾನಾ? ಫಾರೆಸ್ಟ್ ಪಾಸ್ ಎಲ್ಲಿ ಅಜ್ಜ?"

"ಬೋರ್" ಒಂದನ್ನು ಕಂಪ್ಯೂಟರ್ ಮುಟ್ಟಿರಲಿಲ್ಲ. ಅದರಿಂದಲೇ ತೊಂದರೆ ಜಾಸ್ತಿ ಆಯಿತು.

"ಹನ್ನೆರಡು ಬೋರಾ? ಒಂದರಲ್ಲೂ ನೀರು ಬರ್ಲಿಲ್ವಾ?"

ಅಜ್ಜನಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಬೇಕು. ಅದರಲ್ಲೊಂದು ಸರಿಯಾಗಿ ಕೂರುವ ನಳಿಗೆಯೇ 12 ಬೋರ್. 20 ಗುಂಡು ಮಾಡಿದರೆ ಒಂದೊಂದೂ ಸಣ್ಣದು, ಹಾಗಾಗಿ 20 ಬೋರಿನ ತೂತು 12ಕ್ಕಿಂತ ಚಿಕ್ಕದು. "ನಂಬರ್ ಜಾಸ್ತಿ ಆದ್ರೆ ತೂತು ಕಮ್ಮಿಯಾ?" ಅಂತ ಗುಮಾಸ್ತರು ಅನುಮಾನದಿಂದ ನೋಡಿದರು. ಅವರ ಅನುಭವದಲ್ಲಿ ಎಲ್ಲ ಖಾತೆಯಲ್ಲೂ ಉಲ್ಟಾ ಇರಬೇಕು.

"ಉಸಿರುಗಟ್ಟುವಿಕೆ" ಎಂಬ ಕಲಂ ಬಂದಾಗ ನಾನೇ ಸುಸ್ತು. ಅಜ್ಜ ಹಿಡಿದುಬಿಟ್ಟರು. ಚೋಕ್! ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಬೇಗ ಚದುರದಿರಲಿ ಅಂತ ನಳಿಗೆಯ ಬಾಯಿಯನ್ನು ತುಸು ಕಿರಿದು ಮಾಡಿರುತ್ತಾರೆ. "ಎಡಕ್ಕೆ ಪೂರ್ತಿ, ಬಲಕ್ಕೆ ಅರ್ಧ" ಅಂದರು. "ಡಾಕ್ಟ್ರಿಗೆ ತೋರಿಸಿ ಅಜ್ಜ, ತಣ್ಣನೆ ಗಾಳಿ ಬೇರೆ" ಅಂದರು ಗುಮಾಸ್ತರು. ಪಾಪ, ಒಳ್ಳೆಯ ಮನುಷ್ಯ.

"ಕ್ರಮದ ವಿಧ" ಅಂದರೆ ಆ್ಯಕ್ಷನ್, ಕೋವಿ ತೆರೆದು ಮುಚ್ಚುವ ಬಗೆ. ಅಜ್ಜ ಹೆಬ್ಬೆರಳಿನಿಂದ ಮೇಲಿನ ಲಿವರ್ ತಳ್ಳಿದರು, ಟಕ್ ಅಂತ ನಳಿಗೆ ಮುಂದಕ್ಕೆ ಬಾಗಿತು. ಒಳಗೆ ಖಾಲಿ, ಎರಡು ತೂತಿನಲ್ಲೂ ಬೆಳಕು. ಇಂಗ್ಲಿಷಿನಲ್ಲಿ ಬ್ರೇಕ್ ಆ್ಯಕ್ಷನ್. ಇದಕ್ಕೆ ಫಾರಂ ಕೊಟ್ಟ ಹೆಸರು "ಮುರಿದ ಕ್ರಮ". ಹಾಗೆಯೇ ಟಿಕ್ ಹಾಕಿದೆವು. ಕೂಡಲೇ ಷರಾ ಬಿತ್ತು: ಕೋವಿ ಕೆಟ್ಟಿದೆ.

"ಸುತ್ತು ಎಷ್ಟು?" ಕೇಳಿದ್ದು ರೌಂಡ್, ಅಂದರೆ ಗುಂಡಿನ ಲೆಕ್ಕ. ಅಜ್ಜ ಯೋಚಿಸದೆ ಬರೆದರು: ಈ ಕಚೇರಿಗೆ ನಾಲ್ಕನೆಯದು.

ತೋಟಾ, ಅಂದರೆ ಶೆಲ್, "ಚಿಪ್ಪು" ಆಗಿತ್ತು. ಕಿಡಿ ಹೊತ್ತಿಸುವ ಕೇಪು, ಮದ್ದು, ನಡುವೆ ಅಡ್ಡಕ್ಕೆ ವಾಡ್ ಎಂಬ ಬಿಲ್ಲೆ, ಮೇಲೆ ಚರೆ ಎಲ್ಲ ಸೇರಿ ಒಂದು ತೋಟಾ. ಟಿವಿಯವರು ಹಾರಿಸಿ ಬಿದ್ದ ಖಾಲಿ ಕೇಸನ್ನೇ ತೋರಿಸಿ "ಬುಲೆಟ್ ಪತ್ತೆ" ಅನ್ನುತ್ತಾರೆ, ಅವರಿಗಿಂತ ಕಂಪ್ಯೂಟರೇ ವಾಸಿ. ಅಜ್ಜ "ಚಿಪ್ಪು 10" ಅಂತ ಬರೆದರು. "ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯದ್ದಾ?" ಅಂತ ಗುಮಾಸ್ತರು ಕೇಳಿದರು. ಊರಿನ ಬಗ್ಗೆ ಗೊತ್ತಿದೆ ಮಹಾರಾಯರಿಗೆ.

ರಸೀದಿ ಸಿಕ್ಕಿತು. ವಾಪಸ್ ಬರುವಾಗ ಚುನಾವಣಾ ಚೆಕ್‌ಪೋಸ್ಟಿನಲ್ಲಿ ಜೀಪ್ ತಡೆದರು. ಅಜ್ಜ ಧೈರ್ಯವಾಗಿ ರಸೀದಿ ಚಾಚಿದರು. ಹುಡುಗ ಟಾರ್ಚ್ ಬಿಟ್ಟು ಓದಿದ: "ಪೀಪಾಯಿ ಎರಡು, ಸ್ವೀಕರಿಸಲಾಗಿದೆ."

ಹಿಂದಿನ ಸೀಟಿಗೆ ಬೆಳಕು ಹಾಯಿಸಿ ದನಿ ತಗ್ಗಿಸಿದ. "ಯಾವ ಪಾರ್ಟಿಯವ್ರಿಗೆ ಕೊಟ್ರಿ ಅಜ್ಜ? ರಮ್ಮಾ, ಬ್ರಾಂದಿನಾ?"